ನಾನೂರ ಹದಿನೆಂಟನೇ ನಂಬರಿನ ಟೊಮೇಟೊ

ಸಂಶೋಧನಾ ಕೇಂದ್ರದಲ್ಲಿ ಎಲ್ಲರೂ ಅವಳನ್ನು ರುಚಿ ಮೇಡಂ ಎಂದೇ ಕರೆಯುತ್ತಿದ್ದರು. ರುಚಿ ಪರೀಕ್ಷಾ ವಿಭಾಗದ ಮುಖ್ಯಸ್ಥೆ ಅವಳು. ಆ ವಿಭಾಗದಲ್ಲಿ ಅವಳನ್ನು ಬಿಟ್ಟರೆ ಇದ್ದದ್ದು ಒಬ್ಬ ಅಟೆಂಡರು ಮತ್ತು ಒಂದು ಫ್ರಿಜ್ಜು. ಎರಡಕ್ಕೂ ನಿವೃತ್ತಿ ಹತ್ತಿರವಾಗಿತ್ತು. ಎರಡೂ ಕೆಲಸ ಮಾಡುವಾಗ ಸಣ್ಣಗೆ ಗೊಣಗುತ್ತಿದ್ದವು.

ಕೇಂದ್ರದ ಹೆಮ್ಮೆ ಒಂದು ಟೊಮೇಟೊ. ಕಿತ್ತು ಅರವತ್ತು ದಿನ ಮೇಜಿನ ಮೇಲಿಟ್ಟರೂ ಅದು ಕೊಳೆಯುತ್ತಿರಲಿಲ್ಲ, ಸುಕ್ಕಾಗುತ್ತಿರಲಿಲ್ಲ. ನಿರ್ದೇಶಕರು ಬಂದ ಅತಿಥಿಗಳ ಮುಂದೆ ಅದನ್ನು ನೆಲಕ್ಕೆ ಬಿಟ್ಟು, ಪುಟಿದು ಮೇಲೆ ಬಂದದ್ದನ್ನು ಕ್ಯಾಚ್ ಹಿಡಿದು ತೋರಿಸುತ್ತಿದ್ದರು. ಆರು ವರ್ಷದ ದುಡಿಮೆ ಅದು. ಈಗ ಸರಕಾರದ ‘ಸುಧಾರಿತ ಕೃಷಿ ಸಂಶೋಧನೆ ಮತ್ತು ನಾವೀನ್ಯ ಯೋಜನೆ’ಯಡಿ ಇನ್ನೈದು ವರ್ಷದ ಅನುದಾನಕ್ಕೆ ಅರ್ಜಿ ಹೋಗಿತ್ತು, ಬುಧವಾರ ಸಮಿತಿ ಬರುವುದಿತ್ತು. ಅನುದಾನ ಸಿಕ್ಕರೆ ಗಾಜಿನ ಮನೆಯಲ್ಲಿ ಗಿಡ ನೋಡಿಕೊಳ್ಳುವ ಒಂಬತ್ತು ಜನ ಗುತ್ತಿಗೆಯವರ ಕೆಲಸ ಉಳಿಯುತ್ತಿತ್ತು. ಸಿಗದಿದ್ದರೆ ತಿಂಗಳ ಕೊನೆಗೆ ಒಂಬತ್ತೂ ಜನ ಮನೆಗೆ.

ರುಚಿ ಮೇಡಂ ಇದನ್ನು ದಿನಕ್ಕೆ ಹತ್ತು ಸಲ ನೆನೆಸಿಕೊಂಡು ಹತ್ತು ಸಲ ಬೆವರುತ್ತಿದ್ದಳು. ಬೆವರುವುದು ಅವಳಿಗೆ ಹೊಸದಲ್ಲ. ಬೀಗ ಹಾಕಿ ಮೂರು ಸಲ ಜಗ್ಗಿ ನೋಡಿ, ಬಸ್ ಸ್ಟಾಪಿನಿಂದ ವಾಪಸು ಬಂದು ನಾಲ್ಕನೇ ಸಲ ಜಗ್ಗುವವಳು ಅವಳು. ಪತ್ರದಲ್ಲಿ ‘ಸುಮಾರು’ ಎಂದು ಬರೆಯುವುದೋ ‘ಅಂದಾಜು’ ಎಂದು ಬರೆಯುವುದೋ ಎಂದು ಅರ್ಧ ದಿನ ಕಳೆದದ್ದೂ ಉಂಟು.

ಸೋಮವಾರ ಮಧ್ಯಾಹ್ನ ಅವಳು ಸಮಿತಿಗಾಗಿ ಆರು ವರ್ಷದ ರುಚಿಯ ಅಂಕಗಳನ್ನು ಒಂದು ಪಟ್ಟಿಗೆ ಇಳಿಸಿದಳು. ಪದ್ಧತಿ ಹೀಗಿತ್ತು: ಕೇಂದ್ರದ ಡ್ರೈವರು, ಲೈಬ್ರರಿಯನ್, ಟೈಪಿಸ್ಟು, ಕಾವಲುಗಾರ ಇಂಥ ಹತ್ತು ಜನ ಪ್ರತಿ ಕೊಯ್ಲಿನ ನಂತರ ರುಚಿ ಕೋಣೆಗೆ ಬರಬೇಕು. ಅಲ್ಲಿ ಒಬ್ಬರಿಗೊಬ್ಬರು ಕಾಣದಂತೆ ಹಲಗೆ ಅಡ್ಡ ಇಟ್ಟ ಪುಟ್ಟ ಗೂಡುಗಳು. ಬಣ್ಣ ನೋಡಿ ಮರುಳಾಗದಿರಲಿ ಎಂದು ಕೆಂಪು ಬಲ್ಬಿನ ಮಂದ ಬೆಳಕು. ಮುಂದೆ ಬಟ್ಟಲುಗಳಲ್ಲಿ ಸಿಪ್ಪೆ, ಬೀಜ ತೆಗೆದ ಹೋಳುಗಳು. ಯಾವ ತಳಿ ಎಂದು ಗೊತ್ತಾಗಬಾರದು, ಹಾಗಾಗಿ ಬಟ್ಟಲಿಗೆ ಬರೀ ಮೂರಂಕಿಯ ನಂಬರು. ತಿಂದು, ನೀರು ಕುಡಿದು, ನಮೂನೆಯಲ್ಲಿ ಒಂದರಿಂದ ಒಂಬತ್ತರವರೆಗೆ ಒಂದು ಅಂಕ ಬರೆದು ಎದ್ದು ಹೋಗಬೇಕು.

ಆ ನಮೂನೆ ಅವಳದೇ ರಚನೆ. ಯಾರೂ ಹಗುರವಾಗಿ ಅಂಕ ಕೊಡಬಾರದೆಂದು ಅದರಲ್ಲಿ ಎರಡು ಷರತ್ತು ಸೇರಿಸಿದ್ದಳು. ಐದಕ್ಕಿಂತ ಕಡಿಮೆ ಕೊಟ್ಟವರು ಕಾರಣವನ್ನು ಮೂರು ಸಾಲಿಗೆ ಕಡಿಮೆಯಿಲ್ಲದಂತೆ ಬರೆಯಬೇಕು. ಎಂಟು ಅಥವಾ ಮೇಲೆ ಕೊಟ್ಟವರು ಮರುದಿನ ಬಂದು ಮತ್ತೊಮ್ಮೆ ತಿಂದು ದೃಢಪಡಿಸಬೇಕು.

ಪಟ್ಟಿ ಪೂರ್ತಿಯಾಯಿತು. ಮೊದಲ ವರ್ಷದ ಸರಾಸರಿ ಏಳು. ಎರಡನೇ ವರ್ಷ ಏಳು. ಮೂರನೇ ವರ್ಷ ಏಳು ಪಾಯಿಂಟ್ ಒಂದು. ಆಮೇಲೆ ಮತ್ತೆ ಏಳು, ಏಳು, ಏಳು. ಎಂಥ ಸ್ಥಿರತೆ ಎಂದು ಅವಳಿಗೆ ಒಂದು ಕ್ಷಣ ಹೆಮ್ಮೆಯೂ ಆಯಿತು. ಕಳೆದ ಪರೀಕ್ಷೆಯಲ್ಲಿ ಉಳಿದಿದ್ದ ಎರಡು ಹಣ್ಣನ್ನು ಬ್ಯಾಗಿಗೆ ಹಾಕಿಕೊಂಡು ಮನೆಗೆ ಹೋದಳು.

ಅಡುಗೆಮನೆಯಲ್ಲಿ ಅತ್ತೆ ಒಂದು ಹೋಳು ಬಾಯಿಗೆ ಹಾಕಿಕೊಂಡರು. ಎರಡು ಸಲ ಅಗಿದರು. ಆಮೇಲೆ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಇದೇನಮ್ಮ, ಹಣ್ಣಾ? ಮೇಜು ಒರೆಸೋ ಬಟ್ಟೆ ಅನ್ಕೊಂಡೆ.”

“ಅತ್ತೆ, ಆರು ವರ್ಷ ಆಯ್ತು ಇದನ್ನ ಬೆಳೆಸೋಕೆ.”

“ಅದಕ್ಕೇ ಇರ್ಬೇಕು, ಆರು ವರ್ಷದ ಹಿಂದೆ ಕಿತ್ತಿದ್ದರ ಥರ ಇದೆ. ಕೆಡಲ್ಲ ಅಂತ ಹೆಮ್ಮೆ ಬೇರೆ ನಿಮ್ಗೆ. ಕೆಡೋಕೂ ಒಳಗೆ ಏನಾದ್ರೂ ಇರ್ಬೇಕಲ್ಲ!”

ಅವಳು ಇನ್ನೊಂದು ಹೋಳನ್ನು ಗಂಡನ ಕೈಗಿತ್ತಳು. ಅವನು ಪೇಪರಿನಿಂದ ಕಣ್ಣೆತ್ತದೆ ತಿಂದು, “ಚೆನ್ನಾಗಿದೆ” ಎಂದ.

“ಅವನ ಮಾತು ಬಿಡು,” ಎಂದರು ಅತ್ತೆ. “ಮದುವೆ ಆದಾಗಿಂದ ಅವನಿಗೆ ಎಲ್ಲ ಚೆನ್ನಾಗೇ ಇದೆ. ಮೊನ್ನೆ ನೀನು ಅಡುಗೆಗೆ ಉಪ್ಪೇ ಹಾಕಿರ್ಲಿಲ್ಲ. ಅವತ್ತೂ ಚೆನ್ನಾಗಿದೆ ಅಂದ. ಚೆನ್ನಾಗಿಲ್ಲ ಅಂದ್ರೆ ಏನು ಚೆನ್ನಾಗಿಲ್ಲ ಅಂತ ನೀನು ಕೇಳ್ತೀಯ, ಇವನು ಹೇಳ್ಬೇಕಾಗತ್ತೆ. ಅಷ್ಟು ಮಾತು ಯಾರಾಡ್ತಾರೆ?”

ರುಚಿ ಮೇಡಂ, ಗಂಡನ ‘ಚೆನ್ನಾಗಿದೆ’ಯನ್ನು ಅಂಕಕ್ಕೆ ಇಳಿಸಿದರೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿದಳು. ಏಳಾಗುತ್ತಿತ್ತು.

ಮಂಗಳವಾರ ಅವಳು ಎಲ್ಲರಿಗಿಂತ ಮೊದಲೇ ಹೋಗಿ ಹಳೆಯ ನಮೂನೆಗಳ ಕಟ್ಟು ಬಿಚ್ಚಿದಳು. ಎರಡನೇ ವರ್ಷ ಬಿರುಗಾಳಿಗೆ ಗಾಜು ಒಡೆದಾಗ ಹಸಿರು ಕಾಯನ್ನೇ ಕಿತ್ತು ಪರೀಕ್ಷೆಗೆ ಕೊಟ್ಟಿದ್ದರು: ಏಳು. ನಾಲ್ಕನೇ ವರ್ಷ ಫ್ರಿಜ್ಜು ಕೆಟ್ಟು, ಅತಿಯಾಗಿ ತಣ್ಣಗಾಗಿ ಹೋಳುಗಳು ಮಂಜುಗಡ್ಡೆಯಾಗಿದ್ದವು. ಡ್ರೈವರು ಹಲ್ಲು ನೋವೆಂದು ಮಧ್ಯಾಹ್ನವೇ ರಜೆ ಹೋಗಿದ್ದ. ಹೋಗುವ ಮುಂಚೆ ಏಳು ಬರೆದಿದ್ದ.

ಅವಳು ಶೆಡ್ಡಿಗೆ ಹೋಗಿ ಜೀಪು ಒರೆಸುತ್ತಿದ್ದ ಡ್ರೈವರನ್ನು ಹಿಡಿದಳು.

“ನಿಜ ಹೇಳಿ. ಯಾಕೆ ಯಾವಾಗ್ಲೂ ಏಳು?”

ಡ್ರೈವರು ಬಟ್ಟೆ ಹಿಂಡಿದ. “ಮೇಡಂ, ಏಳು ಅಂದ್ರೆ ಯಾರ ತಂಟೆನೂ ಇಲ್ಲ. ನಾಲ್ಕು ಕೊಟ್ರೆ ಮೂರು ಸಾಲು ಬರೀಬೇಕು. ನಾನು ನನ್ ಹೆಂಡ್ತಿಗೇ ಮೂರು ಸಾಲು ಬರ್ದವನಲ್ಲ. ಎಂಟು ಕೊಟ್ರೆ ನಾಳೆ ಮತ್ತೆ ಬಂದು ಅದನ್ನೇ ತಿನ್ಬೇಕು.”

“ಐದೋ ಆರೋ ಕೊಡಬಹುದಿತ್ತಲ್ಲ?”

“ಕೊಡಬಹುದಿತ್ತು. ನಿಮ್ ಮುಖ ಚಿಕ್ಕದಾಗತ್ತೆ ಮೇಡಂ. ಒಂದ್ಸಲ ಟೈಪಿಸ್ಟಮ್ಮ ಆರು ಕೊಟ್ಟಿದ್ರು. ನೀವು ಒಂದು ವಾರ ಅವರ ಹತ್ರ ಹುಷಾರಾಗಿದೀರಾ, ಊಟ ಸೇರ್ತಿದ್ಯಾ ಅಂತ ಕೇಳ್ತಾನೇ ಇದ್ರಿ.”

ಅವಳು ಕೇಳಿದ್ದು ನಿಜವೇ. ನಾಲಿಗೆ ಕೆಟ್ಟಿದೆಯೇನೋ ಎಂದು ಕಾಳಜಿಯಿಂದ ಕೇಳಿದ್ದಳು.

ಆದರೂ ಒಬ್ಬ ಡ್ರೈವರ ಮಾತು ಪುರಾವೆಯಾಗುವುದಿಲ್ಲ. ಅವಳು ಲ್ಯಾಬಿಗೆ ಹೋಗಿ ಅಗಾರಿನ ಡಬ್ಬಿ ತೆಗೆದಳು. ಅಗಾರ್ ಎಂದರೆ ಲ್ಯಾಬುಗಳಲ್ಲಿ ಬೂಷ್ಟು ಬೆಳೆಸಲು ಬಳಸುವ ಪುಡಿ. ನೀರಲ್ಲಿ ಕುದಿಸಿ ಆರಿಸಿದರೆ ಗಟ್ಟಿ ಜೆಲ್ಲಿಯಾಗುತ್ತದೆ. ತಿಂದರೆ ಅಪಾಯವಿಲ್ಲ, ರುಚಿ ಎಂಬುದು ಹೆಸರಿಗೂ ಇಲ್ಲ. ಅದನ್ನು ಟೊಮೇಟೊ ಹೋಳಿನಷ್ಟೇ ದೊಡ್ಡದಾಗಿ ಕತ್ತರಿಸಿ ಬಟ್ಟಲಿಗೆ ಹಾಕಿದಳು. ಕೆಂಪು ಬೆಳಕಿನಲ್ಲಿ ಎಲ್ಲವೂ ಕೆಂಪೇ. ಬಟ್ಟಲಿಗೆ ಒಂದು ನಂಬರು ಅಂಟಿಸಿದಳು: 418.

ಹತ್ತು ಜನ ಬಂದರು, ತಿಂದರು, ಬರೆದರು, ಹೋದರು. ಹತ್ತೂ ಹಾಳೆಯಲ್ಲಿ 418ರ ಮುಂದೆ ಏಳು. ಲೈಬ್ರರಿಯನ್, ಓದಿಕೊಂಡವರು, ಷರಾ ಕಾಲಂನಲ್ಲಿ ದುಂಡಗಿನ ಅಕ್ಷರದಲ್ಲಿ ಒಂದು ಮಾತು ಬೇರೆ ಬರೆದಿದ್ದರು: ‘ತೋಟದ ನೆನಪು ತರುತ್ತದೆ.’

ರುಚಿ ಮೇಡಂ ಹಾಳೆಗಳನ್ನು ಎತ್ತಿಕೊಂಡು ನಿರ್ದೇಶಕರ ಕೋಣೆಗೆ ಓಡಿದಳು. ಅವರು ಕನ್ನಡಿ ಮುಂದೆ ನಾಳೆಯ ಟೈ ಕಟ್ಟಿ ನೋಡುತ್ತಿದ್ದರು. ಅವಳು ಹೇಳಿದ್ದನ್ನೆಲ್ಲ ಕೇಳಿದರು.

“ಅಂದ್ರೆ, ನಮ್ಮ ಹಣ್ಣು ಚೆನ್ನಾಗಿಲ್ಲ ಅಂತಾನಾ?”

“ಚೆನ್ನಾಗಿದ್ಯೋ ಇಲ್ವೋ ಗೊತ್ತಿಲ್ಲ ಅಂತ ಸರ್. ಆರು ವರ್ಷದಿಂದ ಯಾರೂ ಹೇಳೇ ಇಲ್ಲ. ಈ ‘ಏಳು’ ಅನ್ನೋ ಅಂಕ ಹಣ್ಣಿಂದಲ್ಲ, ನನ್ನ ನಮೂನೆದು.”

“ಹಾಗಿದ್ರೆ ಚೆನ್ನಾಗಿದೆ ಅನ್ನೋಕೂ ಅಡ್ಡಿ ಇಲ್ಲ.” ನಿರ್ದೇಶಕರು ಟೈ ಬಿಚ್ಚಿದರು. “ನೋಡಮ್ಮ, ಗಾಜಿನ ಮನೆಯಲ್ಲಿ ಒಂಬತ್ತು ಜನ ಇದ್ದಾರೆ. ನೀವು ಸುಳ್ಳು ಹೇಳ್ಬೇಡಿ. ಸುಮ್ನಿರಿ ಅಷ್ಟೆ. ಸುಮ್ನಿರೋದು ಸುಳ್ಳಲ್ಲ.”

ಅವಳು ಗಾಜಿನ ಮನೆಯ ಬಾಗಿಲಲ್ಲಿ ಸಾಲಾಗಿ ಬಿಟ್ಟಿದ್ದ ಒಂಬತ್ತು ಜೊತೆ ರಬ್ಬರ್ ಬೂಟುಗಳನ್ನು ನೆನೆಸಿಕೊಂಡಳು. ಪಟ್ಟಿಯನ್ನು ತೋರಿಸುವುದು, ಓದಿ ಹೇಳದಿರುವುದು ಎಂದು ತನ್ನೊಳಗೇ ರಾಜಿ ಮಾಡಿಕೊಂಡಳು. ಆ ಗಡಿಬಿಡಿಯಲ್ಲಿ ಅವಳು ಒಂದು ಸಹಿ ಹಾಕುವುದನ್ನು ಮರೆತಳು. ನಂಬರು ಅಂಟಿಸಿದ ಯಾವ ಪದಾರ್ಥವನ್ನೂ ವಿಲೇವಾರಿ ಪುಸ್ತಕದಲ್ಲಿ ಅವಳ ಸಹಿಯಿಲ್ಲದೆ ಎಸೆಯಬಾರದು: ಇದೂ ಅವಳದೇ ನಿಯಮ. ಅಟೆಂಡರು ಪುಸ್ತಕ ನೋಡಿದರು, ಸಹಿ ಕಾಣಲಿಲ್ಲ, ಗೊಣಗಿದರು, ಉಳಿದ ಜೆಲ್ಲಿಯನ್ನು ಜೋಪಾನವಾಗಿ ಫ್ರಿಜ್ಜಿನಲ್ಲಿಟ್ಟರು.

ಬುಧವಾರ ಹತ್ತು ಗಂಟೆಗೆ ಸಮಿತಿ ಬಂತು. ಮೂವರು. ಅಧ್ಯಕ್ಷರು ಮಣ್ಣಿನ ವಿಜ್ಞಾನದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು. ಎರಡನೆಯವರು ಹಣಕಾಸು ಇಲಾಖೆಯ ಹೆಂಗಸು, ಕನ್ನಡಕವನ್ನು ಸರದಲ್ಲಿ ಕಟ್ಟಿ ಎದೆಗೆ ಇಳಿಬಿಟ್ಟವರು, ಮಾತು ಕಡಿಮೆ. ಮೂರನೆಯವನು ನಾವೀನ್ಯ ತಜ್ಞ, ಮೂವತ್ತು ದಾಟಿರಲಿಲ್ಲ. ಅವನ ಪ್ರತಿ ವಾಕ್ಯದಲ್ಲೂ ಸ್ಕೇಲ್, ಅಂದರೆ ದೊಡ್ಡ ಪ್ರಮಾಣಕ್ಕೆ ಬೆಳೆಸುವುದು, ಎಂಬ ಪದವಿತ್ತು. ನಿರ್ದೇಶಕರು ಟೊಮೇಟೊ ನೆಲಕ್ಕೆ ಬಿಟ್ಟು ಹಿಡಿದರು. ತಜ್ಞ ಚಪ್ಪಾಳೆ ತಟ್ಟಿದ.

“ಪಟ್ಟಿ ಎಲ್ಲ ಆಮೇಲೆ ನೋಡೋಣ,” ಎಂದರು ಅಧ್ಯಕ್ಷರು. “ಮೊದಲು ತಿಂದು ನೋಡೋಣ.”

ಮೂವರನ್ನೂ ಕೆಂಪು ಬೆಳಕಿನ ಗೂಡುಗಳಲ್ಲಿ ಕೂರಿಸಿದರು. ಅಟೆಂಡರು ಅವತ್ತು ಇಸ್ತ್ರಿ ಮಾಡಿದ ಅಂಗಿ ತೊಟ್ಟು ತಟ್ಟೆ ಹೊತ್ತು ಬಂದರು. ರುಚಿ ಮೇಡಂ ಮೈಯೆಲ್ಲ ಕಣ್ಣಾಗಿ ನೋಡುತ್ತಿದ್ದಳು. ಒಬ್ಬೊಬ್ಬರ ಮುಂದೆಯೂ ಆ ಟೊಮೇಟೊದ ಮೂರು ಉಪತಳಿಗಳ ಮೂರು ಬಟ್ಟಲು ಇಳಿಯಬೇಕಿತ್ತು. ಒಂದು. ಎರಡು. ಮೂರು.

ನಾಲ್ಕು.

“ಫ್ರಿಜ್ಜಲ್ಲಿ ಇದ್ದದ್ದು ಒಂದೂ ಬಿಟ್ಟಿಲ್ಲ ಮೇಡಂ,” ಎಂದು ಅಟೆಂಡರು ಅವಳ ಕಿವಿಯಲ್ಲಿ ಹೆಮ್ಮೆಯಿಂದ ಉಸುರಿದರು.

ಅವಳು “ಸರ್, ಆ ನಾಲ್ಕನೇದು…” ಎಂದು ಬಾಯಿ ತೆರೆದಳು. ನಿರ್ದೇಶಕರು ತುಟಿಯ ಮೇಲೆ ಬೆರಳಿಟ್ಟು ಗೋಡೆಯತ್ತ ಕೈ ತೋರಿಸಿದರು. ಅಲ್ಲಿ ಅವಳದೇ ಕೈಬರಹದ ಫಲಕ ತೂಗುತ್ತಿತ್ತು: ‘ರುಚಿ ನೋಡುವಾಗ ಯಾರೂ ಮಾತನಾಡಬಾರದು. ಕಾರಣ ಏನೇ ಇರಲಿ.’ ಆ ಕೊನೆಯ ವಾಕ್ಯ ಬೇಕೋ ಬೇಡವೋ ಎಂದು ಅವಳು ಎರಡು ದಿನ ಯೋಚಿಸಿ ಸೇರಿಸಿದ್ದಳು. ಅಷ್ಟರಲ್ಲಿ ಅಧ್ಯಕ್ಷರ ಚಮಚ ಬಾಯಿಗೆ ಹೋಗಿತ್ತು.

ಸಭಾಕೋಣೆಯಲ್ಲಿ ಹಾಳೆಗಳನ್ನು ಮೇಜಿನ ಮೇಲೆ ಹರಡಿದರು. ಮೂವರೂ ಎಲ್ಲಕ್ಕೂ ಏಳು ಕೊಟ್ಟಿದ್ದರು. ಸಂಜೆಯ ರೈಲಿಗೆ ಹೊರಡಬೇಕಾದವರು ನಾಳೆ ಬಂದು ಮತ್ತೆ ತಿನ್ನಲಾರರು. ಮೂರು ಸಾಲು ಬರೆಯುವ ವಯಸ್ಸು, ಹುದ್ದೆ ಯಾರದೂ ಅಲ್ಲ.

“ಅಂಕ ಒಂದೇ ಆದ್ರೂ,” ಎಂದರು ಅಧ್ಯಕ್ಷರು ಗಂಭೀರವಾಗಿ, “ನನಗೆ 418 ಹಿಡಿಸ್ತು. ಎಷ್ಟು ನಯ! ಒಂದು ನಾರಿಲ್ಲ, ಹುಳಿ ಚುಚ್ಚಲ್ಲ.”

“ಎಕ್ಸಾಕ್ಟ್ಲಿ ಸರ್,” ಎಂದ ತಜ್ಞ. “ಪ್ರತಿ ತುಂಡೂ ಒಂದೇ ಥರ. ಸ್ಕೇಲ್ ಆಗೋದು ಇಂಥದ್ದೇ. ಐದೂ ವರ್ಷದ ಅನುದಾನ 418ರ ಮೇಲೇ ಹಾಕೋಣ. ಎಲ್ಲ ರೈತರಿಗೂ ಬೀಜ ಹೋಗ್ಲಿ.”

ನಿರ್ದೇಶಕರಿಗೆ ಜೆಲ್ಲಿಯ ಕಥೆ ಗೊತ್ತಿತ್ತೇ ಹೊರತು ಅದರ ನಂಬರು ಗೊತ್ತಿರಲಿಲ್ಲ. ಅವರು ಹಿಗ್ಗಿ ಹೀರೇಕಾಯಿಯಾದರು. “418 ನಮ್ಮ ಕೂಸು ಸರ್! ಎಷ್ಟು ವರ್ಷ ನಿದ್ದೆಗೆಟ್ಟಿದೀವಿ ಅದಕ್ಕೆ!”

“ಸಂತೋಷ. ವರದಿಗೆ ಬೇಕು, ಇದರ ತಾಯಿ ತಳಿ ಯಾವುದು?” ಅಧ್ಯಕ್ಷರು ಪೆನ್ನು ತೆಗೆದರು.

ನಿರ್ದೇಶಕರು ರುಚಿ ಮೇಡಂ ಕಡೆ ತಿರುಗಿದರು. ಎಲ್ಲರೂ ತಿರುಗಿದರು. ಕಿಟಕಿಯಾಚೆ ಗಾಜಿನ ಮನೆಯಲ್ಲಿ ಯಾರೋ ಬಗ್ಗಿ ಗಿಡಕ್ಕೆ ದಾರ ಕಟ್ಟುತ್ತಿದ್ದರು. ಸುಮ್ಮನಿರುವುದು ಸುಳ್ಳಲ್ಲ ಎಂದು ನಿನ್ನೆ ಒಪ್ಪಿಕೊಂಡಿದ್ದಳು. ಈಗ ಸುಮ್ಮನಿದ್ದರೆ ಒಂಬತ್ತು ಜನರ ಕೆಲಸವೇನೋ ಉಳಿಯುತ್ತದೆ. ಆದರೆ ಮುಂದಿನ ವರ್ಷ ಅದೇ ಒಂಬತ್ತು ಜನ ಯಾವ ಬೀಜ ಬಿತ್ತುತ್ತಾರೆ? ಜೆಲ್ಲಿಯನ್ನು ಯಾವ ಮಣ್ಣಿನಲ್ಲಿ ನೆಡುತ್ತಾರೆ? ಅವಳು ಎರಡು ಪದ ಹುಡುಕಿದಳು. ಸುಳ್ಳೂ ಆಗಬಾರದು, ಉದ್ದವೂ ಆಗಬಾರದು.

“ಸಮುದ್ರದ ಪಾಚಿ, ಸರ್.”

ಅಧ್ಯಕ್ಷರು ಅರ್ಧ ಬರೆದು ನಿಲ್ಲಿಸಿದರು. “ಟೊಮೇಟೊಗಾ?”

“418 ಟೊಮೇಟೊ ಅಲ್ಲ ಸರ್. ಅಗಾರ್. ಅಗಾರನ್ನ ಪಾಚಿಯಿಂದ ಮಾಡ್ತಾರೆ.” ಒಮ್ಮೆ ಬಾಯಿ ತೆರೆದ ಮೇಲೆ ಅವಳಿಗೆ ಮುಚ್ಚಲಾಗಲಿಲ್ಲ. ನಮೂನೆ, ಡ್ರೈವರು, ಮೂರು ಸಾಲು, ಹಸಿರು ಕಾಯಿ, ವಿಲೇವಾರಿ ಪುಸ್ತಕ, ಎಲ್ಲವನ್ನೂ ಹೇಳಿದಳು. ಕೊನೆಗೆ, ಯಾರೂ ಕೇಳದಿದ್ದರೂ, ಗಂಡನ ವಿಷಯವನ್ನೂ ಹೇಳಿದಳು.

ನಿರ್ದೇಶಕರು ಟೈ ಸಡಿಲಿಸಿಕೊಂಡು ಗೋಡೆ ನೋಡುತ್ತ ಕೂತರು. ತಜ್ಞ ನೀರು ಕುಡಿದ, ಇನ್ನೊಂದು ಲೋಟ ಕುಡಿದ.

ಮೊದಲು ನಕ್ಕವರು ಹಣಕಾಸಿನವರು. ಮೊದಲು ಭುಜ ಅಲುಗಿತು, ಆಮೇಲೆ ಕನ್ನಡಕದ ಸರ ಅಲುಗಿತು, ಆಮೇಲೆ ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು.

“ನಾನು ಒಂದು ಹೇಳ್ಲಾ? ನನಗೆ ಮೊದಲ ಬಟ್ಟಲಿಗೇ ಒಂದು ಅಂಕ ಕೊಡೋಣ ಅನ್ನಿಸ್ತು. ಕಾರಣ ಕೇಳಿದ್ರಲ್ಲ, ಸುಮ್ಮನಾದೆ. ನಿಜ ಹೇಳ್ಬೇಕಂದ್ರೆ ನಾಲ್ಕರಲ್ಲಿ ಆ ಪಾಚಿನೇ ವಾಸಿ.”

“ನನಗೆ ಎರಡನೇದು ರಟ್ಟಿನ ಪೆಟ್ಟಿಗೆ ನೆನಪಾಯ್ತು,” ಎಂದ ತಜ್ಞ, ಮೊದಲ ಬಾರಿಗೆ ಸ್ಕೇಲ್ ಇಲ್ಲದೆ.

“ಒದ್ದೆ ರಟ್ಟು,” ಎಂದು ತಿದ್ದಿದರು ಅಧ್ಯಕ್ಷರು. “ಆಮೇಲೆ ಮೂರನೇದಿತ್ತಲ್ಲ, ಅದರ ಕೊನೇಲಿ ಮಾತ್ರ ಏನೋ ಒಂದು ಚೂರು ಟೊಮೇಟೊ ವಾಸನೆ ಬಂತಪ್ಪ. ಬಂತಾ ಇಲ್ವಾ?”

“ಬಂತು ಬಂತು! ನಾನು ಭ್ರಮೆ ಅನ್ಕೊಂಡೆ,” ಎಂದ ತಜ್ಞ.

ರುಚಿ ಮೇಡಂ ಆಗಲೇ ಬರೆದುಕೊಳ್ಳತೊಡಗಿದ್ದಳು. ಆರು ವರ್ಷದಲ್ಲಿ ಅವಳಿಗೆ ಸಿಕ್ಕ ಮೊದಲ ನಿಜವಾದ ಮಾಹಿತಿ ಅದು.

ಮಾತು ಮುಗಿದ ಮೇಲೆ ಅಧ್ಯಕ್ಷರು ತಮ್ಮ ಸಮಿತಿಯ ನಮೂನೆ ತೆಗೆದು ಬಹಳ ಹೊತ್ತು ನೋಡಿದರು. “ಐದು ವರ್ಷ ಕೊಟ್ರೆ ನಾವು ಮತ್ತೆ ಬಂದು ಪುನರ್ ಪರಿಶೀಲನೆ ಮಾಡಿ ದೃಢಪಡಿಸ್ಬೇಕು, ಅಂತಿದೆ. ಮತ್ತೆ ತಿನ್ನೋ ಶಕ್ತಿ ನನಗಿಲ್ಲ. ಇಲ್ಲ ಅಂತ ಬರೆದ್ರೆ ಒಂದು ಪುಟ ಕಾರಣ ಕೊಡ್ಬೇಕು. ಏನಂತ ಬರೀಲಿ? ಜೆಲ್ಲಿ ತಿಂದ್ವಿ ಅಂತಾನಾ?”

“ಒಂದು ವರ್ಷ ಅಂದ್ರೆ?” ಎಂದರು ಹಣಕಾಸಿನವರು.

ಅಧ್ಯಕ್ಷರು ಬೆರಳಿಟ್ಟು ಓದಿದರು. “ಒಂದು ವರ್ಷಕ್ಕೆ ಏನೂ ಕೇಳಿಲ್ಲ. ಬರೀ ಸಹಿ.”

ಒಂದು ವರ್ಷದ ಅನುದಾನ ಮಂಜೂರಾಯಿತು. ಷರತ್ತು ಒಂದೇ: ಹಣ್ಣಿಗೆ ರುಚಿ ಬರಿಸುವುದು, ಬಂದಿದೆಯೋ ಇಲ್ಲವೋ ಎಂದು ಮುಖಕ್ಕೆ ಹೊಡೆದಂತೆ ಹೇಳುವವರೊಬ್ಬರನ್ನು ಹುಡುಕುವುದು.

ಹುಡುಕಬೇಕಾದ ಕಷ್ಟ ರುಚಿ ಮೇಡಂಗಿರಲಿಲ್ಲ. ಮುಂದಿನ ಕೊಯ್ಲಿನ ದಿನ ಅವಳು ಅತ್ತೆಯನ್ನು ಆಟೋದಲ್ಲಿ ಕರೆತಂದಳು. ನಮೂನೆಯಿಂದ ಮೂರು ಸಾಲಿನ ಷರತ್ತನ್ನು ಕಿತ್ತುಹಾಕಿದ್ದಳು, ಗೋಡೆಯ ಫಲಕ ಇಳಿಸಿದ್ದಳು. ಅತ್ತೆ ಒಳ್ಳೆಯ ಸೀರೆ ಉಟ್ಟು ಬಂದಿದ್ದರು. ನಿರ್ದೇಶಕರು ಎದ್ದು ನಿಂತು ಕುರ್ಚಿ ತೋರಿಸಿದರು, ಅಟೆಂಡರು ನೀರು ತಂದಿಟ್ಟರು, ಗಾಜಿನ ಮನೆಯ ಒಂಬತ್ತೂ ಜನ ಕಿಟಕಿಗೆ ಮುಖ ಒತ್ತಿ ನಿಂತರು. ಅತ್ತೆ ಒಂದು ಹೋಳು ತಿಂದರು, ಸುತ್ತಲಿನ ಮುಖಗಳನ್ನು ನೋಡಿದರು, ಸೆರಗು ಸರಿಮಾಡಿಕೊಂಡರು.

“ಚೆನ್ನಾಗಿದೆ,” ಎಂದರು ಮೆಲ್ಲಗೆ. “ಪಾಪ, ಎಲ್ಲ ಎಷ್ಟು ಕಷ್ಟಪಟ್ಟಿದೀರ. ಏಳು ಹಾಕಿ.”

ಆಟೋ ಗೇಟು ದಾಟಿ ತಿರುವಿಗೆ ಬಂದ ಕೂಡಲೇ ಅತ್ತೆ ಬಾಯಿಬಿಟ್ಟರು. “ಥೂ, ಸೀಮೆಸುಣ್ಣ ಕಣೇ ಅದು!”

ಅಂದಿನಿಂದ ರುಚಿ ವಿಭಾಗದ ಮುಖ್ಯ ಪ್ರಯೋಗ ಅಡುಗೆಮನೆಯಲ್ಲಿ ನಡೆಯಿತು. ಪ್ರತಿ ಶನಿವಾರ ಅವಳು ಹಣ್ಣು ತಂದು ಒಲೆಯ ಪಕ್ಕದ ಕಟ್ಟೆಯ ಮೇಲೆ ಇಡುತ್ತಿದ್ದಳು, ಯಾವುದೆಂದು ಹೇಳುತ್ತಿರಲಿಲ್ಲ, ಏನನ್ನೂ ಕೇಳುತ್ತಿರಲಿಲ್ಲ. ಬಾಗಿಲ ಹಿಂದೆ ಸ್ಟೂಲಿನ ಮೇಲೆ ನೋಟುಬುಕ್ಕು ಹಿಡಿದು ಕೂತು ಬರೆದುಕೊಳ್ಳುತ್ತಿದ್ದಳು. ‘ಹಣ್ಣು 3: ಔಷಧಿ ಅಂಗಡಿ.’ ‘ಹಣ್ಣು 7: ಇದನ್ನ ತಿನ್ನೋ ಬದಲು ಉಪವಾಸ ಇರಬಹುದು.’ ‘ಹಣ್ಣು 12: ಬೈಗುಳ ಸ್ವಲ್ಪ ಕಡಿಮೆ; ಹುಳಿ ಇದೆ ಎಂದರು.’ ಬೈಗುಳ ಕಡಿಮೆಯಾದ ಗಿಡದ ಬೀಜ ಮಾತ್ರ ಗಾಜಿನ ಮನೆಗೆ ವಾಪಸು ಹೋಗುತ್ತಿತ್ತು.

ವರ್ಷ ಮುಗಿಯಲು ಮೂರು ವಾರ ಉಳಿದಿತ್ತು. ಒಂದು ಶನಿವಾರ ಅತ್ತೆ ಹೋಳು ಬಾಯಿಗೆ ಹಾಕಿಕೊಂಡರು. ಅವಳು ಪೆನ್ನು ಹಿಡಿದು ಕಾದಳು. ಬೈಗುಳ ಬರಲಿಲ್ಲ. ಹೊಗಳಿಕೆಯೂ ಬರಲಿಲ್ಲ. ಬಾಗಿಲ ಸಂದಿಯಿಂದ ಇಣುಕಿದಳು. ಅತ್ತೆ ಹಾಲ್ ಕಡೆ ಒಮ್ಮೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತಟ್ಟೆಯಿಂದ ಎರಡನೇ ಹೋಳು ತೆಗೆದುಕೊಂಡರು.

ರುಚಿ ಮೇಡಂ ಅಂಕದ ಕಾಲಂ ಖಾಲಿ ಬಿಟ್ಟು, ಹಣ್ಣಿನ ನಂಬರಿನ ಮುಂದೆ ಬರೆದಳು: ‘ಎರಡನೇ ಹೋಳು ತೆಗೆದುಕೊಂಡರು.’ ಒಮ್ಮೆ ಓದಿದಳು. ಯಾವ ಪದವನ್ನೂ ಬದಲಿಸಬೇಕೆನಿಸಲಿಲ್ಲ. ಆದರೂ ಇನ್ನೊಮ್ಮೆ ಇಣುಕಿ ನೋಡಿ ಖಚಿತಪಡಿಸಿಕೊಂಡಳು. ತಟ್ಟೆ ಖಾಲಿಯಾಗಿತ್ತು.